ಜಗ್ಗಿ ನೋಡಿದ ಬೆಸುಗೆ

"ಅಜ್ಜಾರ, ಒಮ್ಮೆ ಕೂಡಿದ ಮನಸು ಮತ್ತ ಮತ್ತ ಯಾಕ ಬಿಡತಾವ್ರೀ?"

ಹೀಗೆ ಕೇಳಿದವನು ಮುರಿಗೆಪ್ಪ. ಒಂಬತ್ತು ವರ್ಷದಿಂದ ಮಠಕ್ಕೆ ಭಕ್ತಿಯಿಂದ ನಡೆದುಕೊಳ್ಳುತ್ತಿದ್ದ ಶಿಷ್ಯ. ಗುರುಗಳು ಕಟ್ಟೆಯ ಮೇಲೆ ಕುಳಿತು ಹಸಿಗಡಲೆ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರ ಮನಸ್ಸು?" ಎಂದರು.

"ಎಲ್ಲಾರದೂ ಅಂತ ತಿಳೀರಿ."

"ಎಲ್ಲರ ಸಂಗತಿ ನನಗೆ ಗೊತ್ತಿಲ್ಲ. ನಿನ್ನದು ಹೇಳು."

ಮುರಿಗೆಪ್ಪ ಹೇಳಿದ. ಆರು ವರ್ಷದ ಹಿಂದೆ ಅವನ ತಮ್ಮ ಈರಬಸಪ್ಪನ ಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯ ನಡೆಯಿತು. ಊಟದ ಪಂಕ್ತಿಯಲ್ಲಿ ಮುರಿಗೆಪ್ಪನ ಹೆಂಡತಿಯ ತವರಿನವರು ಕುಳಿತಿದ್ದರು. ತಮ್ಮ ಅವರನ್ನು ಎಬ್ಬಿಸಿ ತನ್ನ ಮಾವನ ಕಡೆಯವರನ್ನು ಕೂರಿಸಿದ. ಎಲೆಗೆ ಹೋಳಿಗೆ ಬಿದ್ದ ಮೇಲೆ ಎಬ್ಬಿಸಿದ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. ಒಂದೇ ಓಣಿಯಲ್ಲಿ ಮನೆ, ಎದುರಾದರೆ ಇಬ್ಬರೂ ಆಕಾಶ ನೋಡುತ್ತ ದಾಟುತ್ತಿದ್ದರು. ಈ ಸಲ ದಸರೆಗೆ ತಮ್ಮನೇ ಬನ್ನಿಯ ಎಲೆ ಹಿಡಿದು ಬಂದ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಎಲೆ ಕೊಟ್ಟು ಕಾಲು ಮುಟ್ಟಿದ. ಇಬ್ಬರೂ ತಬ್ಬಿಕೊಂಡು ಅತ್ತರು.

ಎಂಟು ದಿನ ಬಿಟ್ಟು ಮುರಿಗೆಪ್ಪ ತಮ್ಮನ ಮನೆಗೆ ಹೋದ. ಚಹಾ ಕುಡಿಯುತ್ತ, "ಆ ಪಂಕ್ತಿ ವಿಷಯ ನಿನ್ನ ಮನಸಿನ್ಯಾಗ ಏನೂ ಉಳದಿಲ್ಲಲಾ?" ಎಂದು ಕೇಳಿದ. ತಮ್ಮ ಇಲ್ಲ ಎಂದ. ದೀಪಾವಳಿಗೆ ಹೋದಾಗ ಮತ್ತೊಮ್ಮೆ ಕೇಳಿದ. ಇಲ್ಲ ಎಂದ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂತಾಯಿಗೆ ಚರಗದ ಎಡೆ ಚೆಲ್ಲಿ ಊಟಕ್ಕೆ ಕುಳಿತಾಗ, ನಾಲ್ಕು ಜನರ ನಡುವೆ, ಇನ್ನೊಮ್ಮೆ ಕೇಳಿದ. ತಮ್ಮ ಎದ್ದು ಹೋಗಿ ಬೇರೆ ಗಿಡದ ನೆರಳಲ್ಲಿ ಕುಳಿತು ಉಂಡ.

"ಮೊನ್ನೆ ಹೋದ್ರ ಚಾ ಬರಲಿಲ್ರೀ. ಬರೇ ನೀರು ಬಂತು. ಮುಂದಿನ ಸಲ ನೀರೂ ಬರೂದಿಲ್ಲ." ಮುರಿಗೆಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ನನಗ ಇರಾಂವ ಅಂವ ಒಬ್ಬನ ತಮ್ಮ, ಅಜ್ಜಾರ."

ಗುರುಗಳು ಕಡಲೆಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ಕುಳಿತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಸುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಹಗ್ಗದ ವ್ಯಾಪಾರಿ ಇದ್ದ. ಎತ್ತಿನ ಕಣ್ಣಿ, ಬಾವಿಯ ಹಗ್ಗ, ಚಕ್ಕಡಿಗೆ ಹೊರೆ ಬಿಗಿಯುವ ಮಿಣಿ, ಎಲ್ಲ ಮಾರುತ್ತಿದ್ದ. ಸುಳ್ಳಾಡದ ವ್ಯಾಪಾರಿ. ಗಿರಾಕಿ ಬಂದರೆ ಹಗ್ಗದ ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿ, ಇನ್ನೊಂದು ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೆನ್ನು ಹಿಂದಕ್ಕೆ ಒಗೆದು ಜಗ್ಗಿ ತೋರಿಸುತ್ತಿದ್ದ. ತಡೆದರೆ ಮಾರುತ್ತಿದ್ದ. ಹರಿದರೆ ಒಲೆಗೆ ಹಾಕುತ್ತಿದ್ದ.

ಮೂವತ್ತು ವರ್ಷ ಹೀಗೆ ಜಗ್ಗಿದ. ಜಗ್ಗಿ ನೋಡದೆ ಯಾವುದನ್ನೂ ನಂಬಬಾರದು ಎಂಬುದೇ ಅವನ ಧರ್ಮವಾಯಿತು. ಹೊಸ ಅಂಗಿ ತೊಟ್ಟರೆ ಗುಂಡಿ ಜಗ್ಗುತ್ತಿದ್ದ. ಸಭೆಯಲ್ಲಿ ಹಾರ ಹಾಕಿದರೆ ಹಾರ ಜಗ್ಗುತ್ತಿದ್ದ. ತನ್ನ ಮದುವೆಯಲ್ಲಿ ತಾಳಿ ಕಟ್ಟಿದ ಮೇಲೆ ಅದನ್ನೂ ಒಮ್ಮೆ ಜಗ್ಗಿ ನೋಡಿದ್ದ. ಹೆಂಡತಿ ಆ ಮಾತನ್ನು ಇವತ್ತಿಗೂ ಬಿಟ್ಟಿಲ್ಲ.

ಈ ವ್ಯಾಪಾರಿ ಒಂದು ಕಾರು ಕೊಂಡ. ಆ ಊರಿನಲ್ಲಿ ಎಂದೂ ಕಾರು ಕಳುವಾಗಿರಲಿಲ್ಲ, ಇದ್ದದ್ದೇ ನಾಲ್ಕು ಕಾರು. ಆದರೂ ಅವನಿಗೆ ಚಿಂತೆ ಹತ್ತಿತು. ಮೊದಲ ವಾರ ಸ್ಟೇರಿಂಗಿಗೆ ಹಗ್ಗ ಹಾಕಿ ಮನೆಯ ಕಿಟಕಿಯ ಸರಳಿಗೆ ಬಿಗಿದ. ಬಿಚ್ಚಲು ಅರ್ಧ ತಾಸು ಹಿಡಿಯತೊಡಗಿದಾಗ, ಅಲಾರಂ ಹಾಕಿಸುವುದೇ ಮೇಲು ಎಂದುಕೊಂಡ. ಯಾರಾದರೂ ಕಾರಿಗೆ ಕೈ ಹಚ್ಚಿದರೆ ಅದು ಊರಿಗೆಲ್ಲ ಕೇಳುವಂತೆ ಕೂಗುತ್ತದೆ, ಎಂಜಿನನ್ನೂ ಬಂದ್ ಮಾಡುತ್ತದೆ.

ಅದೇ ಊರಿನಲ್ಲಿ ಗಾಡಿಗಳ ವೈರಿಂಗ್ ಮಾಡುವ ಒಬ್ಬ ಮೇಸ್ತ್ರಿ ಇದ್ದ. ಉಳಿದವರು ಎರಡು ವೈರು ಹೊಸೆದು, ಮೇಲೆ ಟೇಪು ಸುತ್ತಿ, ಆಯಿತು ಹೋಗಿ ಎನ್ನುತ್ತಿದ್ದರು. ಈತ ಪ್ರತಿ ಜೋಡಣೆಗೂ ಬೆಸುಗೆ ಹಾಕುತ್ತಿದ್ದ. ಅವನ ಹತ್ತಿರ ತಾಮ್ರದ ಮೂತಿಯ ಹಳೆಯ ಬೆಸುಗೆ ಕಬ್ಬಿಣವಿತ್ತು, ಸ್ಟೋವಿನ ಮೇಲೆ ಕಾಯಿಸುವಂಥದ್ದು. ವೈರಿನ ಸಿಪ್ಪೆ ಸುಲಿದು, ಎಳೆಗಳನ್ನು ಒಂದರೊಳಗೊಂದು ಹೊಸೆದು, ಕಾದ ಕಬ್ಬಿಣ ತಾಗಿಸಿ ಹಿಡಿಯುತ್ತಿದ್ದ. ವೈರು ಕಾದ ಮೇಲೆ ಬೆಸುಗೆಯ ತಂತಿ ಮುಟ್ಟಿಸಿದರೆ ಅದು ಕರಗಿ ಎಳೆ ಎಳೆಯೊಳಗೂ ಇಳಿಯುತ್ತದೆ. ಆಮೇಲೆ ಕಬ್ಬಿಣ ತೆಗೆದು ಐದು ಉಸಿರು ಸುಮ್ಮನಿರಬೇಕು. ಮುಟ್ಟಬಾರದು, ಅಲುಗಿಸಬಾರದು, ಊದಬಾರದು. ಆರಿತೆಂದರೆ ಆಯಿತು, ಆ ಎರಡು ವೈರು ಒಂದೇ. ಆರುವ ಮೊದಲು ಅಲುಗಿದರೆ ಒಳಗೆ ಬಿರುಕು ಬೀಳುತ್ತದೆ, ಹೊರಗಿನಿಂದ ಕೂಡಿದಂತೆಯೇ ಕಾಣುತ್ತದೆ. ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಹುಬ್ಬು ಏರಿಸಬೇಡ, ಮುರಿಗೆಪ್ಪ. ಮಠದ ಜೀಪು ಎಷ್ಟು ಹಳೆಯದೆಂದು ನಿನಗೂ ಗೊತ್ತು.

ವ್ಯಾಪಾರಿ ಕಾರು ತಂದು ನಿಲ್ಲಿಸಿದ. ಮೇಸ್ತ್ರಿ ಅಂಗಾತ ಮಲಗಿ ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದ. ಹನ್ನೊಂದು ಜೋಡಣೆಯ ಕೆಲಸ. ವ್ಯಾಪಾರಿ ಪಕ್ಕದ ಸೀಟಿನಲ್ಲಿ ಕುಳಿತ. ಮೇಸ್ತ್ರಿ ಮೊದಲನೆಯ ಬೆಸುಗೆ ಹಾಕಿ, ಕಬ್ಬಿಣವನ್ನು ಮತ್ತೆ ಕಾಯಲು ಇಡುವುದಕ್ಕೆ ಹೊರಗೆ ಜಾರಿದ. ಅವನ ತಲೆ ಈಚೆ ಬಂದದ್ದೇ ತಡ, ವ್ಯಾಪಾರಿಯ ಕೈ ಒಳಗೆ ಹೋಯಿತು. ವೈರು ಹಿಡಿದು ಒಮ್ಮೆ ಜಗ್ಗಿತು. ಕೇಡು ಮಾಡುವ ಬುದ್ಧಿಯೇನೂ ಇರಲಿಲ್ಲ. ಹೊಸದಾಗಿ ಕೂಡಿದ್ದು ಕಂಡರೆ ಆ ಕೈ ಸುಮ್ಮನೆ ಕೂರುತ್ತಿರಲಿಲ್ಲ, ಅಷ್ಟೇ.

ಹನ್ನೊಂದಕ್ಕೂ ಹೀಗೇ ಆಯಿತು. ಮೇಸ್ತ್ರಿ ಕಬ್ಬಿಣ ಇಟ್ಟು ಬಂದು, ಮೊದಲೇ ವೈರಿಗೆ ತೂರಿಸಿಟ್ಟಿದ್ದ ಕರಿಯ ಕೊಳವೆಯನ್ನು ಬೆಸುಗೆಯ ಮೇಲೆ ಎಳೆದು ಮುಚ್ಚುತ್ತಿದ್ದ. ಸ್ಟೇರಿಂಗಿನ ಕೆಳಗೆ ಕತ್ತಲೆ. ಏನಾಗಿದೆ ಎಂದು ಅವನಿಗೆ ಕಾಣಲಿಲ್ಲ.

ಮೂರನೆಯ ದಿನ ಕಾರು ಕೂಗಲು ಸುರು ಮಾಡಿತು. ರಸ್ತೆಯ ಉಬ್ಬು ಹತ್ತಿಸಿದರೆ ಕೂಗಿತು. ಎಮ್ಮೆ ಬಂದು ಮೈ ತುರಿಸಿಕೊಂಡರೆ ಕೂಗಿತು. ವ್ಯಾಪಾರಿ ಒಳಗೆ ಕುಳಿತು ಸೀನಿದರೂ ಕೂಗಿತು. ಎದುರು ಮನೆಯ ಮುದುಕಿ ಬಾನೆಟ್ಟಿನ ಮೇಲೆ ಹತ್ತಿ ಹಪ್ಪಳ ಒಣಹಾಕಿದಾಗ ಮಾತ್ರ ತೆಪ್ಪಗಿತ್ತು.

ವ್ಯಾಪಾರಿ ಸಿಟ್ಟಿನಿಂದ ಮೇಸ್ತ್ರಿಯ ಹತ್ತಿರ ಬಂದ. ಮೇಸ್ತ್ರಿ ಕೊಳವೆ ಸರಿಸಿ, ಬ್ಯಾಟರಿಯ ಬೆಳಕು ಹಿಡಿದು ನೋಡಿದ. ಹೊಳೆಯಬೇಕಾದ ಬೆಸುಗೆ ಬೂದಿಯಂತೆ ಮಂಕಾಗಿತ್ತು, ಕೂದಲೆಳೆಯ ಬಿರುಕುಗಳಿದ್ದವು. ಇಪ್ಪತ್ತೆರಡು ವರ್ಷದಲ್ಲಿ ತನ್ನ ಕೈಯಿಂದ ಇಂಥ ಬೆಸುಗೆ ಬಿದ್ದದ್ದನ್ನು ಅವನು ಕಂಡಿರಲಿಲ್ಲ. ನಾಚಿಕೊಂಡ. ಕಬ್ಬಿಣದ ಮೂತಿಯನ್ನು ಉಜ್ಜಿ ಬೆಳಗಿದ, ಬೇರೆ ತಂತಿ ತೆಗೆದ, ಹನ್ನೊಂದನ್ನೂ ಬಿಚ್ಚಿ ಹೊಸದಾಗಿ ಹಾಕಿದ. ವ್ಯಾಪಾರಿಗೆ ಈಗ ನಂಬಿಕೆ ಹೋಗಿತ್ತು, ಇನ್ನೂ ಹತ್ತಿರ ಕುಳಿತ. ಹೋದ ಸಲ ಒಂದೊಂದು ಸಲ ಜಗ್ಗಿದವನು ಈ ಸಲ ಎರಡೆರಡು ಸಲ ಜಗ್ಗಿದ.

ಕಾರು ಮೊದಲಿಗಿಂತ ಹೆಚ್ಚು ಕೂಗಿತು. ವ್ಯಾಪಾರಿ ಅಂಗಡಿಗೆ ಬಂದವರಿಗೆಲ್ಲ, "ಮೇಸ್ತ್ರಿ ಕೈ ಹೋಗೇತಿ ನೋಡ್ರಿ" ಎಂದು ಹೇಳತೊಡಗಿದ. ಹಗ್ಗ ಒಯ್ದವರು ಆ ಮಾತನ್ನೂ ಒಯ್ದರು. ಗಿರಾಕಿಗಳು ಒಬ್ಬೊಬ್ಬರಾಗಿ ಟೇಪು ಸುತ್ತುವವರ ಕಡೆ ನಡೆದರು.

ಗಿರಾಕಿ ಹೋದದ್ದನ್ನು ಮೇಸ್ತ್ರಿ ಸಹಿಸಿಕೊಂಡ. ಆದರೆ ಆ ಮಾತನ್ನು ಅವನೇ ನಂಬಿಬಿಟ್ಟ. ಅಂಗಡಿಯ ಮುಂದೆ ಕುಳಿತು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಬೆಸುಗೆ ಕಬ್ಬಿಣವನ್ನು ಅರಿವೆಯಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿ, ಟೇಪಿನ ಸುರುಳಿ ಕೊಂಡು ತಂದ. ನನಗೆ ಈ ಕತೆಯಲ್ಲಿ ಬಹಳ ಸಂಕಟದ ಜಾಗ ಇದೇ. ಕೆಲಸ ಬಲ್ಲವನೊಬ್ಬ ತನಗೆ ಬರುವುದಿಲ್ಲ ಎಂದು ಕುಳಿತದ್ದನ್ನು ನೋಡಬಾರದು.

ಆ ವಾರ ವ್ಯಾಪಾರಿ ಡಿಕ್ಕಿಯ ತುಂಬ ಹಗ್ಗ ತುಂಬಿಕೊಂಡು ಪಕ್ಕದ ಊರಿನ ಸಂತೆಗೆ ಹೊರಟ. ಸಂತೆ ಮುಟ್ಟುವಲ್ಲಿ ಕಾರಿನ ಗಾಲಿ ಒಂದು ತಗ್ಗಿಗೆ ಬಿತ್ತು. ಬಿದ್ದ ಏಟಿಗೆ ಅಲಾರಂ ಬಾಯಿ ಬಿಟ್ಟಿತು. ಎಂಜಿನ್ ನಿಂತಿತು. ವ್ಯಾಪಾರಿ ಗಾಬರಿಯಾಗಿ ಸ್ಟೇರಿಂಗಿನ ಕೆಳಗೆ ಕೈ ಹಾಕಿ ಸಿಕ್ಕ ವೈರನ್ನೆಲ್ಲ ಜಗ್ಗತೊಡಗಿದ.

ಹೊರಗಿನವರಿಗೆ ಇದು ಹೇಗೆ ಕಂಡಿತು, ನೀನೇ ಯೋಚಿಸು. ಕಳ್ಳ ಬಂದಿದ್ದಾನೆ ಎಂದು ಕಾರು ಕೂಗುತ್ತಿದೆ. ಒಳಗೊಬ್ಬ ಬೆವರು ಸುರಿಸುತ್ತ ವೈರು ಕೀಳುತ್ತಿದ್ದಾನೆ. ಸಾಲದ್ದಕ್ಕೆ ಹಿಂದಿನ ವಾರ ಅದೇ ಸಂತೆಯಲ್ಲಿ ಎರಡು ಹೋತ ಕಳುವಾಗಿದ್ದವು. ಜನ ಕಾರನ್ನು ಮುತ್ತಿ ಅವನನ್ನು ಹೊರಗೆಳೆದರು.

"ಕಾರು ನಂದರೀ!" ಎಂದ ವ್ಯಾಪಾರಿ.

"ನಿಂದಾದ್ರ ನಿನ್ನ ನೋಡಿ ಅದ್ಯಾಕ ಹೊಯ್ಕೋತೈತಿ?" ಎಂದು ಒಬ್ಬ ರೈತ ಕೇಳಿದ.

ವ್ಯಾಪಾರಿ ಕಾರಿನ ಕಾಗದ ತೋರಿಸಲು ಕಿಸೆ ತಡಕಿದ, ಮನೆಯಲ್ಲಿ ಬಿಟ್ಟು ಬಂದಿದ್ದ. ಕಟ್ಟಿಹಾಕಿ ಎಂದು ಯಾರೋ ಕೂಗಿದರು. ಕಟ್ಟಲು ಏನಾದರೂ ಇದೆಯೇ ಎಂದು ಡಿಕ್ಕಿ ತೆರೆದರು. ಅಲ್ಲಿ ಹಗ್ಗಕ್ಕೆ ಬರವೇ?

ಬೇವಿನ ಗಿಡಕ್ಕೆ ನಿಲ್ಲಿಸಿ ಎದೆಗೆರಡು, ಸೊಂಟಕ್ಕೆರಡು, ಕೈಗೊಂದು ಸುತ್ತು ಹಾಕಿದರು. ಆ ರೈತ ಹಗ್ಗದ ತುದಿ ಮೆಟ್ಟಿ ಒಮ್ಮೆ ಜಗ್ಗಿ, "ಹಗ್ಗ ಭಾಳ ಚಲೋ ಐತ್ರೋ" ಎಂದ.

"ಪುಂಡಿ ನಾರಿಂದು. ಹನ್ನೆರಡು ವರ್ಷ ಬರತೈತಿ" ಎಂದ ವ್ಯಾಪಾರಿ. ಅಂಥ ಹೊತ್ತಿನಲ್ಲೂ ಹೇಳದೆ ಇರಲಾಗಲಿಲ್ಲ. ಆಮೇಲೆ ಬಿಡಿಸಿಕೊಳ್ಳಲು ಒದ್ದಾಡಿದ. ಒಂದು ಎಳೆಯೂ ಸಡಿಲಾಗಲಿಲ್ಲ. ಅವನಿಗೆ ಸಂತೋಷವೂ ಆಯಿತು, ಅಳುವೂ ಬಂತು.

ಕಾರಿನ ಗಾಜಿನ ಮೇಲೆ ಮೇಸ್ತ್ರಿಯ ಅಂಗಡಿಯ ಚೀಟಿ ಅಂಟಿಸಿತ್ತು. ಅದರಲ್ಲಿದ್ದ ನಂಬರಿಗೆ ಯಾರೋ ಫೋನ್ ಮಾಡಿದರು. ಮೇಸ್ತ್ರಿ ಚೀಲ ಹೆಗಲಿಗೆ ಹಾಕಿಕೊಂಡು ಬೈಕಿನಲ್ಲಿ ಬಂದ. ಗಿಡಕ್ಕೆ ಕಟ್ಟಿದ ವ್ಯಾಪಾರಿಯನ್ನು ಕಂಡು ಅವನ ಎದೆ ಒಡೆಯಿತು. ತನ್ನ ಕೆಟ್ಟ ಕೆಲಸದಿಂದ ಒಬ್ಬ ಮರ್ಯಾದಸ್ಥನಿಗೆ ಈ ಗತಿ ಬಂತಲ್ಲ ಎಂದು ತಲೆ ತಗ್ಗಿಸಿ ನಿಂತ.

ವ್ಯಾಪಾರಿ ಅವನನ್ನು ಕಂಡದ್ದೇ ಗಿಡ ಅಲುಗುವಂತೆ ಕೂಗಿದ. "ಎಲ್ಲಾ ನಿನ್ನಿಂದ ಆತು! ನಿನ್ನ ಬೆಸಿಗಿ ಗಟ್ಟಿ ಇಲ್ಲಂತ ನನಗ ಅವತ್ತ ಗೊತ್ತಾಗಿತ್ತು. ನೀ ಕಬ್ಬಣ ತಗದು ಹೊರಗ ಸರದ ಕೂಡ್ಲೆ ಒಂದೊಂದನ್ನೂ ನನ್ನ ಕೈಲೆ ಜಗ್ಗಿ ನೋಡೇನಿ. ಒಂದೂ ಬಿಟ್ಟಿಲ್ಲ. ಎರಡನೇ ಸಲ ಎರಡೆರಡು ಸರ್ತಿ ನೋಡೇನಿ. ಬಿಸಿ ಇರೂವಾಗ್ಲೇ ಸಡ್ಲ ಇತ್ತು!"

ಸಂತೆಯವರೆಲ್ಲ ಮೇಸ್ತ್ರಿಯತ್ತ ನೋಡಿದರು. ಮೇಸ್ತ್ರಿ ತನ್ನ ಬಲಗೈ ನೋಡಿಕೊಂಡ. ಹಾಗೆಯೇ ನೆಲದ ಮೇಲೆ ಕುಳಿತ. ಮೊದಲು ನಗು ಬಂತು, ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅವನ ಕೈಗೆ ಏನೂ ಆಗಿರಲಿಲ್ಲ.

ಕಣ್ಣು ಒರೆಸಿಕೊಂಡು ಎದ್ದ. "ಕಾರು ಇವರದ ಐತ್ರಿ. ಇವರು ಕಳ್ಳರಲ್ಲ" ಎಂದು ಜನರಿಗೆ ಹೇಳಿದ. ರೈತ ಹಗ್ಗ ಬಿಚ್ಚಲು ಹೋದ. "ಅದೊಂದು ಬ್ಯಾಡ್ರಿ. ನನ್ನ ಕೆಲಸ ಮುಗಿಯೂತನ ಹಂಗ ಇರ್ಲಿ" ಎಂದ ಮೇಸ್ತ್ರಿ.

ಚೀಲದ ತಳದಿಂದ ಅರಿವೆಯ ಗಂಟು ತೆಗೆದ. ಚಹಾದ ಅಂಗಡಿಯ ಒಲೆಯಲ್ಲಿ ಕಬ್ಬಿಣ ಕಾಯಿಸಿದ. ಕಾರಿನೊಳಗೆ ತೂರಿ, ಕಿತ್ತ ವೈರುಗಳನ್ನು ಒಂದೊಂದಾಗಿ ಹುಡುಕಿ, ಸುಲಿದು, ಹೊಸೆದು, ಬೆಸುಗೆ ಹಾಕಿದ. ಒಂದೊಂದು ಆದ ಮೇಲೂ ಐದು ಉಸಿರು ಕೂತ. ಅವನು ಏನನ್ನು ಕಾಯುತ್ತಿದ್ದಾನೆ ಎಂದು ಮೊದಮೊದಲು ಜನಕ್ಕೆ ತಿಳಿಯಲಿಲ್ಲ. ತಿಳಿದ ಮೇಲೆ ಅವರೂ ಎಣಿಸತೊಡಗಿದರು. ನಾಲ್ಕನೆಯ ಬೆಸುಗೆಯ ಹೊತ್ತಿಗೆ ಮೆಣಸಿನಕಾಯಿ ಮಾರುವವರು, ಕುರಿ ಕೊಳ್ಳಲು ಬಂದವರು, ಎಲ್ಲರೂ ಸೇರಿ ಒಂದು, ಎರಡು, ಮೂರು ಎಂದು ಐದರವರೆಗೆ ಜೋರಾಗಿ ಎಣಿಸುತ್ತಿದ್ದರು. ಗಿಡದ ಹತ್ತಿರ ವ್ಯಾಪಾರಿಯ ಬೆರಳುಗಳು ಹಗ್ಗದೊಳಗೆ ಮಿಡುಕುತ್ತಿದ್ದವು. ಪ್ರತಿ ಬೆಸುಗೆಗೂ ಅವನ ಮೈ ಮುಂದಕ್ಕೆ ಬರುತ್ತಿತ್ತು. ಹಗ್ಗ ಬಿಡಲಿಲ್ಲ.

ಹನ್ನೊಂದು ಮುಗಿದವು. ಮೇಸ್ತ್ರಿ ತಾನೇ ಹೋಗಿ ಕಟ್ಟು ಬಿಚ್ಚಿದ. "ಈಗ ಹೋಗಿ ಜಗ್ಗಿ ನೋಡ್ರಿ, ನಿಮ್ಮ ಮನಸಿಗೆ ಸಮಾಧಾನ ಆಗೂತನ" ಎಂದ. ವ್ಯಾಪಾರಿ ಓಡಿಹೋಗಿ ಒಂದೊಂದನ್ನೂ ಜಗ್ಗಿದ. ಕೈ ನೋಯುವವರೆಗೆ ಜಗ್ಗಿದ. ಆರಿದ ಬೆಸುಗೆ ಅವನ ಕೈಗೆ ಬಗ್ಗೀತೇ? ಕಾರನ್ನು ಅದೇ ತಗ್ಗಿಗೆ ಮೂರು ಸಲ ಇಳಿಸಿ ಹತ್ತಿಸಿದ. ಅದು ಕೆಮ್ಮಲೂ ಇಲ್ಲ. ಈಗ ಆ ಕಾರಿನ ತಗಡು ತೂತು ಬಿದ್ದಿದೆ, ಸೀಟು ಹರಿದಿದೆ, ಬಣ್ಣ ಯಾವುದಿತ್ತೆಂದು ಯಾರಿಗೂ ನೆನಪಿಲ್ಲ. ಹನ್ನೊಂದು ಬೆಸುಗೆ ಹಾಗೆಯೇ ಇವೆ.

ಗುರುಗಳು ಕತೆ ನಿಲ್ಲಿಸಿ ಕಡಲೆಯ ಬುಟ್ಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

ವ್ಯಾಪಾರಿ ತಾಳಿ ಜಗ್ಗಿದಲ್ಲಿ ಮುರಿಗೆಪ್ಪ ನಕ್ಕಿದ್ದ, ಬೇವಿನ ಗಿಡಕ್ಕೆ ಕಟ್ಟಿದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ವ್ಯಾಪಾರಿ ಗಿಡದಿಂದ ಕೂಗಿದ ಮಾತು ಕೇಳಿದ ಮೇಲೆ ಅವನ ನಗು ಸಣ್ಣಗಾಗುತ್ತ ಬಂದಿತ್ತು.  ಈಗ ಥಟ್ಟನೆ ಎದ್ದು ಗುರುಗಳ ಪಾದಕ್ಕೆ ಹಣೆ ಹಚ್ಚಿದ.

"ತಿಳೀತ್ರೀ, ಅಜ್ಜಾರ. ತಪ್ಪು ನಂದ ಐತಿ. ತಮ್ಮ ಕೂಡಿಸಿದ್ದನ್ನ ನಾ ಆರಾಕ ಬಿಡಲಿಲ್ಲ." ಅವನ ಮುಖ ಅರಳಿತ್ತು. ಚಪ್ಪಲಿ ಮೆಟ್ಟಲು ಆಗಲೇ ಕಟ್ಟೆ ಇಳಿದಿದ್ದ. "ಈಗಿಂದೀಗ ಅವನ ಮನೀಗೆ ಹೊಂಟೆ. ಇನ್ನ ಮ್ಯಾಲೆ ನಾ ಆ ಪಂಕ್ತಿ ಮಾತು ಎತ್ತೂದಿಲ್ಲಪಾ, ನೀ ನಿಶ್ಚಿಂತಿಂದ ಇರು ಅಂತ ಅವಗ ಹೇಳಿ ಬರತೇನಿ."

ಗುರುಗಳು ಒಂದು ಕಡಲೆ ಸುಲಿದು ಬಾಯಿಗೆ ಹಾಕಿಕೊಂಡರು.

"ಅದನ್ನು ಹೇಳುವುದಕ್ಕಾದರೂ ಆ ಮಾತು ಎತ್ತಬೇಕಾಗುತ್ತದಲ್ಲ, ಮುರಿಗೆಪ್ಪ?"